ಟ್ಯೂಬಿನ ಮೇಲಿನ ‘ಬ’

ಎರಡು ವರ್ಷದ ಹಿಂದೆ ಮಂಗಳೂರಿನ ಒಂದು ಸಂಶೋಧನಾ ಲ್ಯಾಬ್‌ನಲ್ಲಿ ನಾನು ಡೇಟಾ ವಿಶ್ಲೇಷಕಿಯಾಗಿದ್ದೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದವಳು. ಯಾರು ಏನೇ ಹೇಳಲಿ, ಆಧಾರ ಎಲ್ಲಿ ಎಂದು ಕೇಳದೆ ಬಿಡುತ್ತಿರಲಿಲ್ಲ.

ಜೀವಕೋಶದಲ್ಲಿ ಸಾವಿರಾರು ಜೀನ್‌ಗಳಿದ್ದರೂ ಎಲ್ಲವೂ ಸದಾ ಕೆಲಸ ಮಾಡುವುದಿಲ್ಲ. ಕೆಲಸ ಮಾಡುತ್ತಿರುವ ಜೀನ್ ಆರ್‌ಎನ್‌ಎ ಎಂಬ ನಕಲು ತಯಾರಿಸುತ್ತದೆ. ಆ ಹೊತ್ತಿನ ಎಲ್ಲ ನಕಲುಗಳನ್ನೂ ಒಟ್ಟಿಗೆ ಓದುವುದೇ ಗ್ಲೋಬಲ್ ಟ್ರಾನ್ಸ್‌ಕ್ರಿಪ್ಟೋಮ್ ಅನಾಲಿಸಿಸ್. ನೇತ್ರಾವತಿ ಅಳಿವೆಯ ಮರುವಾಯಿ ಎಂಬ ಚಿಪ್ಪುಜೀವಿ, ಏಡಿ, ಉಪ್ಪುನೀರಿನ ದಡದಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಎಲೆ: ಈ ಮೂರರಲ್ಲಿ ಬೆಳಿಗ್ಗೆ ಮತ್ತು ಸಂಜೆ ಯಾವ ಜೀನ್‌ಗಳು ಎಚ್ಚರವಾಗಿರುತ್ತವೆ ಎಂದು ನಾವು ಹೋಲಿಸಬೇಕಿತ್ತು.

ಸ್ಯಾಂಪಲ್ ತಂದವರು ಬೋಳಾರದ ಸುಜಾತಕ್ಕ, ನಮ್ಮ ಗುತ್ತಿಗೆ ಟೆಕ್ನಿಷಿಯನ್. ಮೂವತ್ತಾರು ಟ್ಯೂಬ್. ಮುಚ್ಚಳ ಚಿಕ್ಕದು, ಕೈಯಲ್ಲಿ ಗ್ಲೌಸ್. ಹಾಗಾಗಿ ಹದಿನೆಂಟರಲ್ಲಿ ನಂಬರಿನ ಪಕ್ಕ ‘ಬ’ ಎಂದಷ್ಟೇ ಬರೆದು, ಉಳಿದವುಗಳಲ್ಲಿ ಆ ಜಾಗ ಖಾಲಿ ಬಿಟ್ಟಿದ್ದರು. ‘ಬ’ ಎಂದರೆ ಬೆಳಿಗ್ಗೆ. ನಾನು ಯಾರನ್ನೂ ಕೇಳಲಿಲ್ಲ.

ಫಲಿತಾಂಶ ತಲೆಕೆಳಗಾಗಿ ಬಂತು. ಗಿಡಗಳಲ್ಲಿ ಮುಂಜಾನೆ ಏರುವ ಜೀನ್‌ಗಳು ಸಂಜೆ ಏರಿದ್ದವು. ಮರುವಾಯಿ, ಏಡಿಯಲ್ಲೂ ಅದೇ ಕಥೆ. ಮೀಟಿಂಗ್‌ನಲ್ಲಿ ವಾದ ಮಂಡಿಸಿದೆ: ಯಂತ್ರ ಸರಿ, ಪ್ರೋಗ್ರಾಂ ಸರಿ, ಹಾಗಾದರೆ ಟ್ಯೂಬ್ ಅದಲುಬದಲಾಗಿದೆ. ಸುಜಾತಕ್ಕನನ್ನು ಕರೆದು ಕೇಳೋಣವೇ ಎಂದರು ಮುಖ್ಯಸ್ಥರು. ಕೇಳಿದರೆ ಇಲ್ಲ ಅಂತಾರೆ, ಅದು ಆಧಾರವಲ್ಲ ಎಂದೆ. ಇಬ್ಬರು ಮೆಚ್ಚಿ ನಕ್ಕರು. ಆ ತಿಂಗಳು ಮುಗಿಯಬೇಕಿದ್ದ ಅವರ ಗುತ್ತಿಗೆ ನವೀಕರಣವಾಗಲಿಲ್ಲ. ಅವರ ಮನೆ ಅದೊಂದೇ ಸಂಬಳದಲ್ಲಿ ನಡೆಯುತ್ತಿತ್ತು ಎಂಬುದು ನನಗೆ ಗೊತ್ತಿತ್ತು.

ಕೊನೆಯ ದಿನ ಅವರು ಫ್ರೀಜರ್ ಕೀ ಕೊಡಲು ನನ್ನ ಮೇಜಿಗೆ ಬಂದರು.

“ಎಷ್ಟು ಟ್ಯೂಬ್ ಉಲ್ಟಾ ಆದದ್ದು?”

“ಎಲ್ಲ.”

“ಒಂದೂ ಬಿಡದೆ?” ಕೀ ಮೇಜಿನ ಮೇಲಿಟ್ಟು ಹೇಳಿದರು, “ಕೈ ತಪ್ಪುದಾದ್ರೆ ನಾಲ್ಕೋ ಐದೋ ತಪ್ಪುದು ಮಾರಾಯ್ತಿ. ಮೂವತ್ತಾರನ್ನೂ ಅಷ್ಟು ಶಿಸ್ತಲ್ಲಿ ತಪ್ಪಿಸ್ಲಿಕ್ಕೆ ನನಗೆ ಬರುದಿಲ್ಲ.”

ತಿಂಗಳ ಹಿಂದೆ ಕೇಳಬೇಕಾದದ್ದನ್ನು ಆಗ ಕೇಳಿದೆ. “ಸುಜಾತಕ್ಕ, ಬ ಅಂದ್ರೆ ಎಂತ?”

“ಬಯ್ಯ. ಮತ್ತೆಂತ?”

ಬಯ್ಯ ಎಂದರೆ ತುಳುವಿನಲ್ಲಿ ಸಂಜೆ. ನಮ್ಮ ಮನೆಮಾತು ಕೊಂಕಣಿಯಾದರೂ ಬಸ್ಸಿನಲ್ಲಿ, ಮೀನು ಮಾರ್ಕೆಟ್‌ನಲ್ಲಿ ನಾನು ದಿನವೂ ಆಡುವುದು ತುಳುವೇ. ಲ್ಯಾಬಿನ ಬಾಗಿಲು ದಾಟಿದ ಮೇಲೂ ಯಾರಾದರೂ ತುಳುವಿನಲ್ಲಿ ಯೋಚಿಸುತ್ತಿರಬಹುದು ಎಂಬುದು ಮಾತ್ರ ಹೊಳೆದಿರಲಿಲ್ಲ.

ಲೇಬಲ್ ತಿದ್ದಿ ಪ್ರೋಗ್ರಾಂ ಮತ್ತೆ ಓಡಿಸಿದೆ. ಮೂರೂ ಜೀವಿಗಳು ತಮ್ಮ ತಮ್ಮ ಹೊತ್ತಿಗೆ ಎದ್ದವು. ಅದಕ್ಕೆ ಒಂದು ಮಧ್ಯಾಹ್ನ ಸಾಕಾಯಿತು. ತಪ್ಪು ನನ್ನದೆಂದು ಮುಖ್ಯಸ್ಥರಿಗೆ ಬರೆದುಕೊಟ್ಟೆ, ಅವರು ಆಡಳಿತ ಕಚೇರಿಗೆ ಬರೆದರು. ಹುದ್ದೆಯ ಅವಧಿ ಮುಗಿದಿದೆ ಎಂಬ ಒಂದು ಸಾಲಿನ ಉತ್ತರ ಬಂತು.

ಚರ್ಚಾವೇದಿಕೆಯಲ್ಲಿ ಎದುರಾಳಿ ಉತ್ತರಿಸದಿದ್ದರೆ ಅಂಕ ನಮಗೆ. ಸುಜಾತಕ್ಕ ಉತ್ತರಿಸಿರಲಿಲ್ಲ ನಿಜ. ಅವರನ್ನು ಆ ಕೋಣೆಗೆ ಕರೆದೇ ಇರಲಿಲ್ಲ. ಆಧಾರ ಕೇಳುವ ಚಟ ನನಗೆ ಇಂದಿಗೂ ಉಂಟು, ಅದನ್ನು ಬಿಡಬೇಕೆಂದೂ ಅನಿಸಿಲ್ಲ. ಟ್ಯೂಬ್ ತಂದವರ ಮಾತೂ ಆಧಾರವೇ ಎಂದು ಕಲಿತದ್ದು ಮಾತ್ರ ಅವರ ಕೆಲಸದ ಬೆಲೆಗೆ.

ಕಳೆದ ವರ್ಷ ಜ್ವರ ಬಂದು ರಕ್ತ ಪರೀಕ್ಷೆಗೆ ಫಳ್ನೀರಿನ ಒಂದು ಕ್ಲಿನಿಕ್‌ಗೆ ಹೋಗಿದ್ದೆ. ಸೂಜಿ ಹಿಡಿದು ಬಂದವರು ಸುಜಾತಕ್ಕ. ಟ್ಯೂಬಿನ ಮೇಲೆ ನನ್ನ ಪೂರ್ತಿ ಹೆಸರು, ವಯಸ್ಸು, ಕೆಳಗೆ ‘ಬೆಳಿಗ್ಗೆ’ ಎಂದು ಮೂರೂ ಅಕ್ಷರ ಬಿಡಿಸಿ ಬರೆದು ನನ್ನ ಕಣ್ಣೆದುರು ಹಿಡಿದರು.

“ಸರಿ ಉಂಟಾ? ನೀವೇ ಓದಿ ಹೇಳಿ.”

ಓದಿ ಹೇಳಿದೆ.