ಬಣ್ಣ ಬಳಿದ ಬೋಲ್ಟು

ಗಾಡಿಯಲ್ಲಿ ಬ್ಯಾಟರಿಯಿಂದ ಹೊರಟ ಕರೆಂಟು ವಾಪಸ್ಸು ಬರುವುದು ಚಾಸಿಯ, ಅಂದರೆ ಗಾಡಿಯ ಅಡಿಚೌಕಟ್ಟಿನ, ಕಬ್ಬಿಣದ ಮೂಲಕ. ಅದಕ್ಕೆ ನಾವು ಅರ್ಥ್ ಅನ್ನುತ್ತೇವೆ. ಅರ್ಥ್ ಸರಿಯಿಲ್ಲದಿದ್ದರೆ ಎಂಥ ಹೊಸ ಬ್ಯಾಟರಿಯೂ ದಂಡ. ಎಂಬತ್ತರ ದಶಕದಲ್ಲಿ, ಯಶವಂತಪುರದಲ್ಲಿ ಗಾಡಿಗಳ ವೈರಿಂಗ್ ರಿಪೇರಿ ಮಾಡುತ್ತಿದ್ದ ನನ್ನ ತಗಡಿನ ಶೆಡ್ಡಿಗೆ ಬಂದವರಿಗೆಲ್ಲ ಈ ಪಾಠ ಹೇಳುತ್ತಿದ್ದೆ. ದೊಡ್ಡ ಪಂಡಿತ!

ಆಯುಧಪೂಜೆ ಹತ್ತಿರ ಬಂತೆಂದರೆ ಮಾಲೀಕರಿಗೆ ಬಣ್ಣದ ಹುಚ್ಚು. ಬಾಡಿ ಸಾಲದೆಂದು ಚಾಸಿಗೂ ಕಪ್ಪು ಬಳಿಸುತ್ತಿದ್ದರು. ಪೇಂಟರು ಅರ್ಥ್ ವೈರಿನ ಬೋಲ್ಟು ಬಿಚ್ಚಿ, ಬಳಿದು, ಆ ಬಣ್ಣದ ಮೇಲೆಯೇ ವೈರು ಕೂರಿಸಿ ಬಿಗಿಯುತ್ತಿದ್ದ. ಬಣ್ಣ ಕರೆಂಟನ್ನು ತಡೆಯುತ್ತದೆ ಅನ್ನುವುದು ಅವನಿಗೆ ಗೊತ್ತಿರಬೇಕಿಲ್ಲ. ನೋಡಬೇಕಾದವನು ನಾನು.

ಒಂದು ವರ್ಷ ಹಬ್ಬ ಮುಗಿದ ವಾರಕ್ಕೆ ಕೋಗಿಲು ಹಳ್ಳಿಯ ಯಜಮಾನರೊಬ್ಬರ ಟೆಂಪೊ ಬಂತು. ಸೆಲ್ಫ್ ಸ್ಟಾರ್ಟರು ಎಳೆಯುತ್ತಿಲ್ಲ, ದಿನಾ ತಳ್ಳಿಯೇ ಸ್ಟಾರ್ಟ್ ಮಾಡಬೇಕಂತೆ. ಡ್ರೈವರು ಗದಗದ ಕಡೆಯವನು. ಯಜಮಾನರ ತೋಟದ ಕೋಣೆಯಲ್ಲೇ ಹೆಂಡತಿ ಮಕ್ಕಳೊಡನೆ ಇದ್ದ.

ಅವನು ಹೇಳಿದ, "ಸೆಲ್ಫ್ ಹೊಡದ್ರ ಆ ಚಾಸಿ ಮ್ಯಾಲಿನ ಬೋಲ್ಟ್ ಸುಡತೈತ್ರೀ. ಕೈ ಇಡಾಕ ಆಗೂದಿಲ್ಲ."

"ನೀನು ಸ್ಟೇರಿಂಗ್ ನೋಡ್ಕೊಳಪ್ಪ. ವೈರಿಂಗ್ ನಾನ್ ನೋಡ್ಕೋತೀನಿ," ಅಂದೆ.

ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದರು. "ಬೇಸಿಗೇಲಿ ಆಕ್ಸಿದ್ ಒಸ ಬ್ಯಾಟ್ರಿ. ಇಷ್ಟ್ ಬೇಗ ಇಂಗೆ ಕೈ ಕೊಡ್ತದಾ?"

"ಹೊಸದು ಇಷ್ಟು ಬೇಗ ಹೋಗಲ್ಲ," ಅಂದೆ. ಪರೀಕ್ಷೆ ಮಾಡಲಿಲ್ಲ, ಬೋಲ್ಟು ಮುಟ್ಟಿಯೂ ನೋಡಲಿಲ್ಲ. ಅವರು ಏನು ಕೇಳುತ್ತಿದ್ದಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಡ್ರೈವರು ಹೊಸದನ್ನು ಮಾರಿ ಹಳೆಯದನ್ನು ಇಟ್ಟಿದ್ದಾನೆ ಅನ್ನುವ ಗುಮಾನಿಗೆ ನಾನು ಮೊಹರು ಒತ್ತಿದೆ. ಬೇರೆ ಬ್ಯಾಟರಿ ಕೂರಿಸುವಾಗ ಬೋಲ್ಟನ್ನು ಇನ್ನಷ್ಟು ಬಿಗಿದೆ, ಬಣ್ಣ ಕೊಂಚ ಕಿತ್ತುಬಂದು ಸೆಲ್ಫ್ ಎಳೆಯಿತು. ಮಾರನೆಯ ದಿನವೇ ಆ ಸಂಸಾರವನ್ನು ತೋಟದಿಂದ ಹೊರಗೆ ಹಾಕಿದರಂತೆ.

ಇಪ್ಪತ್ತು ದಿನಕ್ಕೆ ಟೆಂಪೊ ಮತ್ತೆ ಬಂತು. ಅದೇ ಕಾಯಿಲೆ. ಈ ಸಲ ಸೆಲ್ಫ್ ಹೊಡೆದು ಬೋಲ್ಟಿಗೆ ಕೈ ಇಟ್ಟೆ, ಚುರ್ ಅಂದಿತು. ಬಿಚ್ಚಿದರೆ ಕೆಳಗೆ ಸುಟ್ಟ ಕಪ್ಪು ಬಣ್ಣ. ಉಪ್ಪುಕಾಗದದಲ್ಲಿ ಉಜ್ಜಿ, ಕಬ್ಬಿಣ ಬೆಳ್ಳಗೆ ಹೊಳೆದ ಮೇಲೆ ವೈರು ಕಟ್ಟಿದೆ. ಹಿಂದಿನ ಸಲ ಬಿಚ್ಚಿಟ್ಟ ಬ್ಯಾಟರಿ ಶೆಡ್ಡಿನ ಮೂಲೆಯಲ್ಲೇ ಬಿದ್ದಿತ್ತು. ಅದನ್ನು ಚಾರ್ಜ್ ಮಾಡಿ ಹಾಕಿ ನೋಡಿದೆ. ಒಂದೇ ಸಲಕ್ಕೆ ಗಾಡಿ ಸ್ಟಾರ್ಟ್ ಆಯಿತು.

"ಏನಾಗಿತ್ತು?" ಎಂದು ಯಜಮಾನರು ಕೇಳಿದರು.

"ಲೂಸ್ ಕನೆಕ್ಷನ್," ಅಂದೆ.

ಕೆಲವು ತಿಂಗಳ ಮೇಲೆ ಯಶವಂತಪುರದ ಮಂಡಿಯಲ್ಲಿ ಆ ಡ್ರೈವರು ಮೂಟೆ ಹೊರುತ್ತಿರುವುದನ್ನು ಕಂಡೆ. ಕಳ್ಳನೆಂದು ಹೆಸರು ಬಿದ್ದವನಿಗೆ ಯಾರೂ ಗಾಡಿ ಕೊಟ್ಟಿರಲಿಲ್ಲ. ಹೋಗಿ ಹೇಳಿದೆ, "ಬ್ಯಾಟರಿ ಚೆನ್ನಾಗೇ ಇತ್ತಪ್ಪ. ಅರ್ಥ್ ಸಿಕ್ತಿರ್ಲಿಲ್ಲ. ನಿನ್ ತಪ್ಪಿಲ್ಲ."

ಅವನು ಮೂಟೆ ಇಳಿಸಿ ಬೆವರು ಒರೆಸಿಕೊಂಡ. "ನಾ ಕದ್ದಿಲ್ಲಂತ ನನಗ ಗೊತ್ತೈತ್ರೀ. ಅದನ್ನ ಕೋಗಿಲಿಗೆ ಹೋಗಿ ಹೇಳ್ರಿ."

ನಾನು ಹೋಗಲಿಲ್ಲ. ಆ ಊರಿನ ಟ್ರಾಕ್ಟರುಗಳೆಲ್ಲ ನನ್ನ ಶೆಡ್ಡಿಗೇ ಬರುತ್ತಿದ್ದವು.