ಉಳಿದಿದ್ದ ಒಂದು ಕಣ್ಣು

ಅತ್ತೆ, ನಿಮ್ಮ ವಿಭೂತಿ ಡಬ್ಬಿಗೆ ನಾನು ಬೆರೆಸಿದ್ದು ಯಾವ ಗುಡಿಯ ಪ್ರಸಾದವೂ ಅಲ್ಲ. ಕದ್ದು ಕೆರೆದು ತಂದ ಗೋಡೆಯ ಗಾರೆ. ಅದನ್ನು ನಂಬಿ ನೀವು ಕಣ್ಣಿಗೆ ಔಷಧ ಹಾಕಿಸಿಕೊಳ್ಳುವುದನ್ನೇ ಬಿಟ್ಟಿರಿ. ಬಿಟ್ಟದ್ದು ಗೊತ್ತಿದ್ದೂ ನಾನು ಸುಮ್ಮನಿದ್ದೆ.

ಕಾಫಿಗೆ ಒಳ್ಳೆ ಬೆಲೆ ಬಂದ ವರ್ಷ ನಿಮ್ಮ ಮಗ, ನಾನು, ಬಣಕಲ್ ಕಡೆಯ ಇನ್ನಷ್ಟು ಬೆಳೆಗಾರರ ಮನೆಯವರು ಸೇರಿ ಟರ್ಕಿಗೆ ಹೋದೆವಲ್ಲ. ಹೊರಡುವ ದಿನ ನಿಮ್ಮ ಕಣ್ಣಿಗೆ ಹನಿ ಬಿಟ್ಟು, ಬಾಟಲಿಯನ್ನು ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಟ್ಟು, ಕೆಲಸದ ಲೀಲಾಳಿಗೆ ಹೇಳಿದ್ದನ್ನೇ ಹೇಳಿ ಹೋಗಿದ್ದೆ. ಕಣ್ಣಿನ ಒತ್ತಡ ಏರಿದರೆ ನರ ಸಾಯುತ್ತದೆ, ಹೋದ ದೃಷ್ಟಿ ಮತ್ತೆ ಬರುವುದಿಲ್ಲ — ಡಾಕ್ಟರು ಬಿಡಿಸಿ ಹೇಳಿದ್ದು ನನಗೇ.

ಅಲ್ಲೊಂದು ಇಗರ್ಜಿ, ಕ್ರೈಸ್ತರ ಗುಡಿ — ಕಟ್ಟಿದ್ದಲ್ಲ, ಬಂಡೆಯನ್ನೇ ಕೊರೆದು ಒಳಗೆ ಕಂಬ, ಕಮಾನು, ಗುಮ್ಮಟ ಬಿಡಿಸಿದ್ದು. ಬೈಜಾಂಟೈನ್ ದೊರೆಗಳ ಕಾಲದ್ದಂತೆ. ಗೋಡೆಯ ತುಂಬ ಸಂತರ ಚಿತ್ರ. ನೀಲಿ ಬಣ್ಣ ನಿನ್ನೆ ಹಚ್ಚಿದ ಹಾಗಿತ್ತು. ಆದರೆ ಕೈಗೆಟುಕುವ ಮುಖಗಳಿಗೆ ಕಣ್ಣೇ ಇರಲಿಲ್ಲ. ದ್ವೇಷದಿಂದ ಕೆರೆದವರುಂಟು, ಕಣ್ಣುಬೇನೆಗೆ ಮದ್ದೆಂದು ಕೆರೆದು ಒಯ್ದವರೂ ಉಂಟು ಎಂದ ಗೈಡು.

ಜೊತೆಗೆ ಬಂದಿದ್ದ ಜಾವಳಿಯ ಶಾರದಕ್ಕ ನಕ್ಕರು. "ನಿಮ್ಮತ್ತೇಗೂ ಒಂಚೂರು ತಗೊಂಡ್ ಹೋಗೇ ಮಾರಾಯ್ತಿ. ಬೈಯೋದಾದ್ರೂ ಕಣ್ಬಿಟ್ಟು ಬೈತಾರೆ."

ನಾನೂ ನಕ್ಕೆ. ಎಲ್ಲರೂ ಹೊರಗೆ ಹೋದ ಮೇಲೆ ಹಿಂದೆ ಉಳಿದೆ. ಕಂಬದ ಮಗ್ಗುಲಲ್ಲಿ ಒಬ್ಬ ಸಂತನಿಗೆ ಒಂದು ಕಣ್ಣು ಉಳಿದಿತ್ತು. ಸೆರಗಿನ ಪಿನ್ನು ತೆಗೆದೆ. ಕೆರೆಯುವಾಗ ಆ ಕಣ್ಣು ನನ್ನನ್ನೇ — ಬೇಡ, ಅದನ್ನು ಬರೆಯಲಾರೆ. ಸಿಕ್ಕಿದ್ದು ಚಿಟಿಕೆ ಪುಡಿ.

ಊರಿಗೆ ಬಂದು ವಿಭೂತಿಯ ಜೊತೆ ಅರೆದೆ. "ಗುಹೆ ಗುಡಿಯ ಪ್ರಸಾದ ಅತ್ತೆ, ಕಣ್ಣಿಗೆ ಒಳ್ಳೇದಂತೆ" ಎಂದೆ. ನೀವು ರೆಪ್ಪೆಗೆ ಹಚ್ಚಿಕೊಂಡಿರಿ. ನಿಮ್ಮ ಮಗಳು ಬಂದಾಗ ಅವಳೆದುರೇ ನನ್ನ ಕೈ ಹಿಡಿದು, "ಹೊಟ್ಟೇಲಿ ಹುಟ್ಟಿದೋಳು ನೀನು ತರ್ಲಿಲ್ಲ, ಇವಳು ತಂದ್ಲು ನೋಡು ನಂಗೆ ಕಣ್ಣು" ಎಂದಿರಿ. ಮದುವೆಯಾಗಿ ಬಂದಾಗಿನಿಂದ ನನ್ನ ಸಾರಿಗೆ ಉಪ್ಪು ಸರಿಯಿದೆ ಎಂದೂ ಹೇಳಿದವರಲ್ಲ ನೀವು.

ಆಮೇಲೆ "ಆ ಉರಿಯೋ ಮದ್ದು ಇನ್ಯಾಕೆ, ಇದೇ ಸಾಕು ಬಿಡು" ಎಂದಿರಿ. ನಿಜ ಹೇಳಿದರೆ ನೀವು ಹಿಡಿದ ಕೈ ಬಿಟ್ಟೀರಿ ಎಂದು ಹೆದರಿದೆ — ಅಷ್ಟೇ. ಮೊಸರು ತೆಗೆಯುವಾಗಲೆಲ್ಲ ಬಾಟಲಿಯ ಮದ್ದು ಒಂದು ಹನಿಯೂ ಇಳಿಯದೆ ಇರುವುದನ್ನು ನೋಡಿದೆ. ಡಾಕ್ಟರು "ಹನಿ ದಿನಾ ಬಿಡ್ತಿದೀರಾ?" ಎಂದಾಗ "ಬಿಡ್ತಿದೀನಿ ಸಾರ್" ಎಂದೆ. ಪಕ್ಕದಲ್ಲೇ ಕೂತಿದ್ದ ನೀವು ನನ್ನ ಮಾನ ಉಳಿಸಲು ಹೌದೆಂದು ತಲೆಯಾಡಿಸಿದಿರಿ.

ಈಗ ನಿಮಗೆ ಬಾಗಿಲ ಬೆಳಕೂ ಕಾಣುವುದಿಲ್ಲ. ಲೋಟ ಕೊಟ್ಟರೆ ಮೊದಲು ನನ್ನ ಬೆರಳು ಮುಟ್ಟಿ ನೋಡುತ್ತೀರಿ. ಇವತ್ತು ಬೆಳಿಗ್ಗೆ ಕೇಳಿದಿರಿ — "ಆ ವಿಭೂತಿ ಇನ್ನೂ ಚೂರು ಇದ್ಯೇನೇ?"

ನೀವು ಓದಲಾರಿರಿ ಎಂಬ ಧೈರ್ಯದಲ್ಲೇ ಇಷ್ಟೂ ಬರೆದೆ. ಇದೂ ಒಂದು ಕಳ್ಳತನವೇ. ಸಂಜೆ ಕಾಫಿ ಕೊಟ್ಟ ಮೇಲೆ ಪಕ್ಕದಲ್ಲಿ ಕೂತು, ಮೊದಲ ಸಾಲಿನಿಂದ ನಿಮಗೆ ಕೇಳುವಷ್ಟು ಗಟ್ಟಿಯಾಗಿ ಓದುತ್ತೇನೆ. ನೀವು ಕೈ ಕೊಡವಿಕೊಂಡರೂ ನಡುವೆ ನಿಲ್ಲಿಸುವುದಿಲ್ಲ.