ಮುತ್ಯಾಲಮ್ಮನ ಹಗಲು

ಬಂಗಾರಪೇಟೆಯಿಂದ ರಾಬರ್ಟ್‌ಸನ್‌ಪೇಟೆಗೆ ಹೋಗುವ ಬಸ್ಸುಗಳು ಕೈ ಅಡ್ಡ ಹಾಕಿದರಷ್ಟೇ ನಿಲ್ಲುವ ಊರು ಮುತ್ಯಾಲಮ್ಮನದು. ೧೯೮೬ರ ಬೇಸಿಗೆಯಲ್ಲಿ ಮೇವು ಹಾಕುವಾಗ ಎಮ್ಮೆ ತಿವಿದು ಅವಳ ದೊಡ್ಡ ಕರುಳು ಹರಿಯಿತು. ಡಾಕ್ಟರು ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು, ಮಲ ಬೀಳಲು ಚೀಲ ಕಟ್ಟಿದರು. ಗಾಯ ಮಾಗಿದ ಮೇಲೆ ಇನ್ನೊಂದು ಆಪರೇಷನ್ ಮಾಡಿ ಒಳಗೇ ಜೋಡಿಸುತ್ತೇವೆ ಎಂದರು.

ಚೀಲ ಇದ್ದ ಎಂಟು ತಿಂಗಳು ಅವಳು ಒಲೆ ಮುಟ್ಟುವಂತಿರಲಿಲ್ಲ. ಸಗಣಿ ಬಾಚುವುದು, ಬಟ್ಟೆ ಒಗೆಯುವುದು, ಕಳೆ ಕೀಳುವುದು ಮಾತ್ರ ಮೈಲಿಗೆಯಾಗಲಿಲ್ಲ. ಅತ್ತೆ ಮಂಗಮ್ಮನೇ ಹೊಗೆಯಲ್ಲಿ ಕೂತು ಎಂಟು ಜನಕ್ಕೆ ಮುದ್ದೆ ಕಟ್ಟಬೇಕಾಯಿತು. ಹಾಗಾಗಿ ಎರಡನೇ ಆಪರೇಷನ್ನಿಗೆ ತನ್ನ ಮಗ, ಮುತ್ಯಾಲಮ್ಮನ ಗಂಡ ಕದಿರಪ್ಪನ ಬೆನ್ನು ಹತ್ತಿದವಳೂ ಮಂಗಮ್ಮನೇ.

ಆಪರೇಷನ್ನಾದ ಮೇಲೆ ದಿನಾ ಬೆಳಗ್ಗೆ ಡಾಕ್ಟರಮ್ಮ ಕೇಳುತ್ತಿದ್ದುದು ಒಂದೇ, ಹೂಸು ಹೋಯಿತೇ ಎಂದು. ನಾಲ್ಕನೆಯ ದಿನ ಹೋಯಿತು. ವಾರ್ಡಿನ ಹೆಂಗಸರೆಲ್ಲ ಮಗು ಹುಟ್ಟಿದಷ್ಟು ಖುಷಿಪಟ್ಟರು. ಮನೆಗೆ ಕಳಿಸುವಾಗ ಡಾಕ್ಟರಮ್ಮ, ಆರು ವಾರ ಭಾರ ಎತ್ತಬೇಡ, ಕೆಲವು ತಿಂಗಳು ದಿನಕ್ಕೆ ಎಂಟು ಹತ್ತು ಸಲ ಹೊರಕಡೆಗೆ ಹೋಗಬೇಕಾಗುತ್ತದೆ, ಹೆದರಿ ಊಟ ಬಿಡಬೇಡ ಎಂದರು.

ಊರಿನ ಹೆಂಗಸರು ಕೆರೆಯ ಹಿಂದಿನ ಜಾಲಿ ಪೊದೆಗೆ ಹೋಗುತ್ತಿದ್ದುದು ಕೋಳಿ ಕೂಗುವ ಮುಂಚೆ, ಇಲ್ಲವೇ ದೀಪ ಹಚ್ಚಿದ ಮೇಲೆ. ಹಗಲೆಲ್ಲ ಕೆರೆ ಏರಿಯ ಮೇಲೆ ಗಂಡಸರು.

ಆಸ್ಪತ್ರೆಯಿಂದ ಬಂದ ಮಾರನೆಯ ದಿನವೇ ಮಂಗಮ್ಮ ಸೊಸೆಯನ್ನು ಒಲೆಯ ಮುಂದೆ ಕೂರಿಸಿದಳು. ಎಸರು ಕುದಿಯುವ ಮೊದಲೇ ಸೀರೆ ಕೆಟ್ಟಿತು. ಹನ್ನೆರಡು ಕೊಡ ನೀರು ಹೊತ್ತು ಅಡುಗೆಮನೆ ತೊಳೆದವಳೂ ಮುತ್ಯಾಲಮ್ಮನೇ. ಅವತ್ತಿನಿಂದ ಕತ್ತಲಾದ ಮೇಲೆ ಎರಡು ಹಿಡಿ ಗಂಜಿಯಷ್ಟೇ ಅವಳ ಊಟ.

ತಿಂಗಳಿಗೆ ತೂಕ ಆರು ಕೆಜಿ ಇಳಿದಿತ್ತು. ತೋರಿಸಲು ಹೋದಾಗ ಡಾಕ್ಟರಮ್ಮ ಬೈದರು. ಇವಳಿಗೆ ಹಟ ಜಾಸ್ತಿ ಎಂದ ಕದಿರಪ್ಪ.

"ತಿಂತೀನಿ ಮೇಡಂ," ಎಂದಳು ಮುತ್ಯಾಲಮ್ಮ. "ತಿಂದಿದ್ದನ್ನ ಅಗಲೊತ್ತು ಎಲ್ಲಿಗೆ ತಗೊಂಡೋಗ್ಲಿ?"

ಕಕ್ಕಸು ಕಟ್ಟಿಸು ಎಂದು ಡಾಕ್ಟರಮ್ಮ ಕದಿರಪ್ಪನಿಗೆ ಹೇಳಿ ಕಳಿಸಿದರು. ಅವನು ಇಟ್ಟಿಗೆ, ಸಿಮೆಂಟು ತಂದೂ ಹಾಕಿದ. ಅದೇ ವಾರ, ಎಮ್ಮೆ ಮಾರಿದ ಜಾಗಕ್ಕೆ ಸೀಮೆಹಸು ಬಂತು.

"ಅಸ ಕೆಸರಲ್ಲಿ ಮಲಗಿದ್ರೆ ಕೆಚ್ಚಲು ಬಾಯ್ತದೆ ಕಣ್ಲಾ," ಎಂದಳು ಮಂಗಮ್ಮ. "ಇವಳ್ಗೇನು, ಇವತ್ತಲ್ಲ ನಾಳೆ ಸರಿಯೋಯ್ತದೆ."

ಕೊಟ್ಟಿಗೆಗೆ ಗೋಡೆ ಎದ್ದಿತು. ಸಿಮೆಂಟಿನ ನೆಲ, ಗಂಜಲ ಹರಿಯಲು ಚರಂಡಿ, ಹಲಗೆಯ ಬಾಗಿಲು. ದಿನಾ ಅದನ್ನು ತೊಳೆಯುವ ಕೆಲಸ ಮುತ್ಯಾಲಮ್ಮನಿಗೆ ಬಂತು. ಒಂದು ಮಧ್ಯಾಹ್ನ ಅವಳು ಬಾಗಿಲು ಮುಂದೆ ಮಾಡಿಕೊಂಡು ಆ ಚರಂಡಿಯ ಮೇಲೇ ಕೂತಳು. ಎರಡು ಬಕೆಟ್ ನೀರು ಹೊಡೆದು ಹೊರಗೆ ಬಂದು, ತಟ್ಟೆ ತುಂಬ ಮಜ್ಜಿಗೆ ಅನ್ನ ಉಂಡಳು. ನಾಲ್ಕು ದಿನ ಹಾಗೇ ಉಂಡಳು.

ಐದನೆಯ ದಿನ ಮಂಗಮ್ಮ ಬಾಗಿಲು ತಳ್ಳಿದಳು.

"ಆಲು ಕರೆಯೋ ಜಾಗ್ದಾಗಾ? ಡೇರಿಯೋರ್ಗೆ ಗೊತ್ತಾದ್ರೆ ನಮ್ಮಾಲು ಮುಟ್ತಾರಾ?"

ಸಂಜೆ ಕದಿರಪ್ಪ ಬೀಗ ಹಾಕಿದ. ಹಾಲು ಕರೆಯುವಾಗಲೂ ಸೊಸೆ ಸಗಣಿ ಬಾಚುವಾಗಲೂ ಮಂಗಮ್ಮ ಬೀಗ ತೆಗೆದು, ಬಾಗಿಲಲ್ಲೇ ನಿಂತಿರುತ್ತಿದ್ದಳು.

ಮಾರನೆಯ ಮಧ್ಯಾಹ್ನ ಮುತ್ಯಾಲಮ್ಮ ಎಲ್ಲರಿಗೂ ಬಡಿಸಿ, ತನಗೆ ಅನ್ನ ಕಲಸಿಕೊಂಡು, ಅತ್ತೆಯ ಮುಂದೆ ಬಂದು ನಿಂತಳು. ಒಂದು ಗಳಿಗೆ ಬೀಗದಕೈ ಕೊಡಿ ಎಂದು ಕೇಳಿದಳು.

"ಇನ್ನೂ ಬಿಸಿಲೈತೆ," ಎಂದಳು ಮಂಗಮ್ಮ. "ತಡ್ಕೊ."

ಮುತ್ಯಾಲಮ್ಮ ಕಲಸಿದ ಅನ್ನವನ್ನು ಹಸುವಿನ ಮುಸುರೆ ಬಕೆಟ್ಟಿಗೆ ಸುರಿದಳು.